ಮೂರು ಸಲ ಕೂಗಿದರೆ ಬರುವ ತಾತ

ಮನೆಯಲ್ಲಿ ಒಬ್ಬರು ಇಲ್ಲವಾದರೆ ಉಳಿದವರ ಕೆಲಸ ಕಡಿಮೆಯಾಗುತ್ತದೆ ಎಂದು ಜನ ತಿಳಿಯುತ್ತಾರೆ. ಅಕ್ಕಿ ಒಂದು ಹಿಡಿ ಕಡಿಮೆ, ಒಗೆಯುವ ಬಟ್ಟೆ ಕಡಿಮೆ, ನಿಜವೇ. ನನಗೆ ಎಲ್ಲಕ್ಕಿಂತ ಕಡಿಮೆಯಾದದ್ದು ಕೂಗುವ ಕೆಲಸ. ಮಕ್ಕಳೇ, ನಿಮ್ಮ ತಾತನನ್ನು ಕೂಗುವುದೇ ನನ್ನ ದಿನದ ದೊಡ್ಡ ದುಡಿಮೆಯಾಗಿತ್ತು. ನೀರು ಕಾದಿದೆ ಎಂದು ಕೂಗಬೇಕು, ತಿಂಡಿ ಆರುತ್ತಿದೆ ಎಂದು ಕೂಗಬೇಕು, ಗ್ಯಾಸಿನವನು ಬಾಗಿಲಲ್ಲಿ ನಿಂತಿದ್ದಾನೆ ಎಂದು ಕೂಗಬೇಕು. ಹೆಸರು ಹಿಡಿದು ಕೂಗುವಂತಿಲ್ಲ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಮ್ಮ ಹಳ್ಳಿಯಲ್ಲಿ ಹೇಳಿಕೊಟ್ಟಿದ್ದರು. ಹೀಗಾಗಿ "ಏನೂಂದ್ರೆ" ಎಂಬುದೇ ಅವರ ಹೆಸರಾಯಿತು. ಅವರು ಹೋದ ಮೇಲೆ ಪಿಂಚಣಿ ಕಚೇರಿಯ ಕಿಟಕಿಯಲ್ಲಿ ಹೆಸರು ಕೇಳಿದಾಗಲೂ ನನ್ನ ನಾಲಿಗೆ ಏಳಲಿಲ್ಲ. ಕಡಿಮೆಯಾಗಲು ಇನ್ನು ಆಯುಸ್ಸೇ ಉಳಿದಿಲ್ಲ ಎಂದು ಬುದ್ಧಿಗೆ ಗೊತ್ತು, ನಾಲಿಗೆಗೆ ಯಾರು ಹೇಳಬೇಕು? ಒಳಗಿದ್ದ ಹೆಂಗಸು "ಯಜಮಾನ್ರ ಹೆಸರೇ ಗೊತ್ತಿಲ್ವಾ ಅಮ್ಮ?" ಎಂದು ನನ್ನ ಮೇಲೆ ಕನಿಕರಪಟ್ಟಳು.

ಆ ವರ್ಷ ನಮಗೆ ಹಬ್ಬವಿರಲಿಲ್ಲ. ವರ್ಷದ ತಿಥಿ ಆಗುವವರೆಗೆ ಬಾಗಿಲಿಗೆ ತೋರಣವಿಲ್ಲ, ಮನೆಯಲ್ಲಿ ನಗುವೂ ಅಷ್ಟಕ್ಕಷ್ಟೆ. ಮಂಕಾಗಿ ಕೂತಿರುತ್ತಾಳೆಂದು ನಿಮ್ಮೆಲ್ಲರಿಗೂ ದೊಡ್ಡವಳಾದ ಸಿರಿಯನ್ನು ನಿಮ್ಮ ಅಪ್ಪಅಮ್ಮ ಬೇಸಿಗೆ ರಜೆಯಲ್ಲಿ ಜಯನಗರದ ಒಂದು ಕಂಪ್ಯೂಟರ್ ಕ್ಲಾಸಿಗೆ ಹಾಕಿದರು. ಮಂಕಾಗಿ ಕೂತಿರುತ್ತಾಳೆಂದು ನನ್ನನ್ನು ಅವಳ ಜೊತೆಗೆ ಕಳಿಸಿದರು. ಬನಶಂಕರಿಯಿಂದ ಬಸ್ಸಿನಲ್ಲಿ ಹೋಗುವಾಗ ಯಾರು ಯಾರ ಕೈ ಹಿಡಿದಿದ್ದೆವೋ ನೋಡಿದವರೇ ಹೇಳಬೇಕು. ಅಲ್ಲಿ ಮಕ್ಕಳು ಪರದೆಯ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಕಚ್ಚಿಸುತ್ತಿದ್ದರು. ಒಂದೊಂದು ತುಂಡೂ ಒಂದೊಂದು ಅಪ್ಪಣೆ: ನಡೆ, ತಿರುಗು, ಕಾಯು, ಮಾತಾಡು. ಜೋಡಿಸಿದ ಹಾಗೆ ಗೊಂಬೆ ಕುಣಿಯುತ್ತದೆ. ಹೇಳಿದ್ದಕ್ಕಿಂತ ಹೆಚ್ಚು ಮಾಡುವುದಿಲ್ಲ, ಕಡಿಮೆಯೂ ಮಾಡುವುದಿಲ್ಲ. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತ ನನಗೆ ನಮ್ಮ ಮೇಷ್ಟ್ರು ನೆನಪಾದರು. ಇಂಥ ವಿದ್ಯಾರ್ಥಿಗಾಗಿ ಅವರು ಬದುಕಿಡೀ ಹಾರೈಸಿದ್ದರು, ಪಾಪ, ನಮ್ಮಂಥವರೇ ಸಿಕ್ಕೆವು.

ಕೊನೆಯ ದಿನಕ್ಕೆ ಪ್ರತಿ ಮಗುವೂ ಸ್ವಂತದ್ದೊಂದು ಮಾಡಿ ತೋರಿಸಬೇಕಿತ್ತು. ಸಿರಿ ತಾತನನ್ನು ಮಾಡಿದಳು. ಬನಿಯನ್ನು, ಕಂಬಳಿಹುಳುವಿನಂಥ ಮೀಸೆ, ಕುರ್ಚಿ, ಕೈಯಲ್ಲಿ ಪೇಪರು. ಒಂದು ಗುಂಡಿ ಒತ್ತಿದರೆ ಅಡುಗೆಮನೆಯ ಕಡೆಯಿಂದ "ಏನೂಂದ್ರೆ" ಎಂಬ ಅಕ್ಷರ ಮೂಡುತ್ತಿತ್ತು, ತಾತ ತಟ್ಟನೆ ಎದ್ದು ಬರುತ್ತಿದ್ದರು. ಮನೆಯ ಕಂಪ್ಯೂಟರಿನಲ್ಲಿ ನನಗೆ ತೋರಿಸಿ ಮುಖ ನೋಡಿದಳು.

"ಇವರು ಯಾರೋ ಬೇರೆಯವರು ಪುಟ್ಟಿ," ಎಂದೆ. "ನಿಮ್ಮ ತಾತ ಒಂದೇ ಸಲಕ್ಕೆ ಎದ್ದು ಬಂದಿದ್ದನ್ನ ನಾನು ಕಂಡಿಲ್ಲ."

ಮಗು ವಕೀಲರ ಹಾಗೆ ವಿಚಾರಣೆ ಶುರುಮಾಡಿತು. ಮೊದಲನೆಯ ಸಲ ಕೂಗಿದರೆ ಏನು ಮಾಡುತ್ತಿದ್ದರು? ಏನೂ ಇಲ್ಲ. ಎರಡನೆಯ ಸಲಕ್ಕೆ? ಪೇಪರಿನ ಹಾಳೆ ಮಗುಚುತ್ತಿದ್ದರು. ಮೂರನೆಯ ಸಲಕ್ಕೆ? ಕುರ್ಚಿ ಹಿಂದಕ್ಕೆ ದಬ್ಬಿ, "ಬಂದೆ ಬಂದೆ, ಯಾಕೆ ಹಾಗೆ ಕೂಗ್ತೀಯ?" ಎಂದು ತಪ್ಪೆಲ್ಲ ನನ್ನದೇ ಎಂಬಂತೆ ಏಳುತ್ತಿದ್ದರು. ಸಿರಿ ತುಂಡುಗಳನ್ನು ಕಳಚಿ ಮತ್ತೆ ಜೋಡಿಸಿದಳು. "ನಾಲ್ಕನೇ ಸಲಕ್ಕೆ ಅಜ್ಜಿ?" ಎಂದು ಕೇಳಿದಳು. ನಾಲ್ಕನೆಯ ಸಲ ಬೇಕಾಗುತ್ತಿರಲಿಲ್ಲ ಎಂದೆ. ನಾಲ್ಕನೆಯ ಸಲವೂ ಕೂಗಬೇಕಾಗಿ ಬಂದ ಒಂದು ಬೆಳಿಗ್ಗೆಯ ವಿಷಯ ಹೇಳಲಿಲ್ಲ. ಅದಕ್ಕೆ ಹೊಂದುವ ತುಂಡು ಆ ಪೆಟ್ಟಿಗೆಯಲ್ಲಿ ಇರಲಾರದು.

ಕೊನೆಯ ದಿನ ಅಪ್ಪಅಮ್ಮಂದಿರಿಂದ ಕೋಣೆ ತುಂಬಿತ್ತು. ನಿಮ್ಮ ಅಪ್ಪಅಮ್ಮನಿಗೆ ಆಫೀಸು, ಸಿರಿಯ ಪಾಲಿಗೆ ನಾನೊಬ್ಬಳೇ. ಬೆಕ್ಕುಗಳು ಕುಣಿದವು, ಬಲೂನುಗಳು ಒಡೆದವು, ಚಪ್ಪಾಳೆ ಬಿತ್ತು. ಸಿರಿಯ ಸರದಿ ಬಂದಾಗ ಅವಳು ನನ್ನನ್ನು ಮುಂದಕ್ಕೆ ಎಳೆದು, ಕೂಗುವವಳು ನೀನೇ ಅಲ್ಲವಾ ಎಂದು ಗುಂಡಿಯ ಮೇಲೆ ನನ್ನ ಬೆರಳು ಇಡಿಸಿದಳು. ಒತ್ತಿದೆ. ತಾತ ಅಲುಗಲಿಲ್ಲ. ಮತ್ತೆ ಒತ್ತಿದೆ. ಹಾಳೆ ಮಗುಚಿತು, ಅಷ್ಟೆ. ಹಿಂದಿನಿಂದ ಯಾರೋ "ಹ್ಯಾಂಗ್ ಆಗಿದೆ ಅನ್ಸುತ್ತೆ" ಎಂದರು. ಪಾಠ ಹೇಳುವ ಹುಡುಗ ಒಳ್ಳೆಯವನು, ಮಗುವಿಗೆ ಅವಮಾನವಾಗಬಾರದೆಂದು ಮೌಸಿಗೆ ಕೈ ಹಾಕಿದ. "ಸಣ್ಣ ತಪ್ಪು ಸಿರಿ. ಒಂದೇ ಸಲಕ್ಕೆ ಬರೋ ಹಾಗೆ ಮಾಡ್ಬಿಡ್ತೀನಿ, ಇರು."

ಸಿರಿ ನನ್ನ ಸೆರಗು ಹಿಡಿದು ಹಿಂದಕ್ಕೆ ಸರಿದಳು. ನಾಲ್ಕು ಜನ ಸೇರಿದಲ್ಲಿ ಬಾಯಿ ಬಿಡಲು ಹೆದರುವುದು ನನ್ನಿಂದ ಅವಳಿಗೆ ಬಂದ ಆಸ್ತಿ. ಆ ಹುಡುಗ ಒಂದು ತುಂಡು ಕಿತ್ತರೆ ಕುರ್ಚಿಯಲ್ಲಿ ಯಾರೋ ಚುರುಕಿನ ಮುದುಕ ಉಳಿಯುತ್ತಾನೆ, ನಮ್ಮವರು ಎದ್ದು ಹೋಗಿರುತ್ತಾರೆ. ಮದುವೆಮನೆಯಲ್ಲಿ ಎರಡನೆಯ ಸಲ ಪಾಯಸ ಕೇಳಲು ನಾಚುವ ನಾನು ಅವನ ಕೈ ಹಿಡಿದುಬಿಟ್ಟೆ.

"ಮುಟ್ಬೇಡಿ ಸಾರ್. ಅವ್ರು ಇರೋದೇ ಹಾಗೆ. ಇನ್ನೊಂದು ಸಲ ಕೂಗ್ಬೇಕು."

"ಯಾರು ಅಜ್ಜಿ?"

"ಇವರು," ಎಂದೆ. ಅದಕ್ಕಿಂತ ಹೆಚ್ಚಿನ ಉತ್ತರ ನನಗೆ ಯಾವತ್ತೂ ಗೊತ್ತಿರಲಿಲ್ಲ.

ಗುಂಡಿ ಒತ್ತಿದೆ. ಬೆರಳು ಒತ್ತಿದರೆ ಸಾಕಿತ್ತು, ಆದರೆ ಬಾಯಿಯೂ ಅಭ್ಯಾಸಬಲದಿಂದ ಗಟ್ಟಿಯಾಗಿ "ಏನೂಂದ್ರೆ" ಎಂದುಬಿಟ್ಟಿತು. ಕುರ್ಚಿ ಹಿಂದಕ್ಕೆ ಸರಿಯಿತು. ಪರದೆಯ ಮೇಲೆ "ಬಂದೆ ಬಂದೆ, ಯಾಕೆ ಹಾಗೆ ಕೂಗ್ತೀಯ?" ಎಂದು ಮೂಡಿತು. ಕೋಣೆಯೆಲ್ಲ ನಕ್ಕಿತು. ಸಿರಿಯೂ ನಕ್ಕಳು, ತಾತ ಹೋದ ಮೇಲೆ ಮೊದಲ ಸಲ. ನನ್ನ ಕನ್ನಡಕಕ್ಕೆ ಆ ಹೊತ್ತಿನಲ್ಲೇ ಏಕೋ ಒರೆಸಬೇಕಾದಷ್ಟು ಮಂಜು ಕಟ್ಟಿತು.

ಈಗ ಮಧ್ಯಾಹ್ನ ಮನೆಯಲ್ಲಿ ಗದ್ದಲವಿಲ್ಲದಾಗ ಆ ಕಂಪ್ಯೂಟರಿನ ಮುಂದೆ ಕೂರುತ್ತೇನೆ. ಅಜ್ಜಿಗೆ ಈ ವಯಸ್ಸಿನಲ್ಲಿ ಎಂಥ ವಿದ್ಯೆಯ ಹುಚ್ಚು ಎಂದು ನೀವು ನಗುತ್ತೀರಿ, ನಗಿ. ರಜೆಯ ದಿನವಾದರೆ ನಿಮ್ಮಮ್ಮ ಒಳಗಿನಿಂದ "ಅತ್ತೆ, ಊಟ" ಎಂದು ಕೂಗುತ್ತಾಳೆ. ಚೆನ್ನಾಗಿ ಕೇಳಿಸುತ್ತದೆ. ಎರಡನೆಯ ಸಲ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ನಿಮ್ಮ ತಾತನಿಗೆ ಕಿವಿ ಮಂದವೆಂದು ಊರೆಲ್ಲ ಹೇಳಿಕೊಂಡು ತಿರುಗಿದ ಹೆಂಗಸು ನಾನು. ಮೂರನೆಯ ಸಲ ಕೂಗಿದ ಮೇಲೆ ಕುರ್ಚಿ ಹಿಂದಕ್ಕೆ ದಬ್ಬಿ, "ಬಂದೆ ಬಂದೆ, ಯಾಕೆ ಹಾಗೆ ಕೂಗ್ತೀಯಮ್ಮ?" ಎಂದು ಏಳುತ್ತೇನೆ.