ಮದುಮಗನ ಮೋಟಾರಿಗೆ ನಾನು ಹಾಕಿದ ಟಾಪು

ನಾನು ಓದು ನಿಲ್ಲಿಸಿದ್ದು 1921ರಲ್ಲಿ, ಕನ್ನಡ ನಾಲ್ಕನೇ ತರಗತಿಯಲ್ಲಿ. ಮೇಷ್ಟರು ತಡೆಯಲಿಲ್ಲ. ಅಂದಿನಿಂದ ಚನ್ನರಾಯಪಟ್ಟಣದಲ್ಲಿ ಜಟಕಾಗಳಿಗೆ ಕಮಾನು ಕಟ್ಟಿಕೊಂಡು ಬಂದೆ. ನಾನು ಬಿದಿರು ಬಗ್ಗಿಸಿ, ಕ್ಯಾನ್ವಾಸು ಹೊದಿಸಿ, ದಬ್ಬಣದಲ್ಲಿ ಹೊಲಿದೆನೆಂದರೆ ಕುದುರೆ ಸತ್ತು ಇನ್ನೊಂದು ಕುದುರೆ ಬರುತ್ತಿತ್ತೇ ಹೊರತು ಕಮಾನು ಅಲುಗುತ್ತಿರಲಿಲ್ಲ. ಹದಿನಾರು ವರ್ಷ ಹೀಗೆ ನಡೆಯಿತು. ಆಮೇಲೆ ಬಸ್ಸುಗಳು ಹೆಚ್ಚಾದವು. ಜಟಕಾದವರು ಒಬ್ಬೊಬ್ಬರಾಗಿ ಕುದುರೆ ಮಾರಿದರು. ನಾನೂ ಮೋಟಾರಿನ ಕಡೆಗೆ ತಿರುಗಲೇಬೇಕಾಯಿತು.

ಅದೇ ಹೊತ್ತಿಗೆ ಪಾತ್ರೆ ಅಂಗಡಿಯ ಪದ್ಮರಾಜಯ್ಯನವರ ಮಗಳಿಗೆ ಮದುವೆ ಗೊತ್ತಾಯಿತು. ಅವರ ಹಳೆಯ ಮೋಟಾರಿನ ಬಟ್ಟೆಯ ಟಾಪು ಬಿಸಿಲಿಗೆ ಜರಡಿಯಾಗಿತ್ತು. ಹೊಸದು ಹಾಕಿಸಲು ಗಾಡಿಯನ್ನು ಹಾಸನಕ್ಕೆ ಕಳಿಸುತ್ತಾರೆಂದು ತಿಳಿದು ನಾನು ಅಂಗಡಿಗೇ ಓಡಿದೆ.

“ಆಸನಕ್ಕೆ ಯಾಕ್ ಸಾ? ನಾನಿಲ್ವಾ?”

“ಮೋಟಾರ್ ಕೆಲ್ಸ ಮಾಡಿದೀಯೇನಯ್ಯ?”

“ಜಟಕಾಕ್ಕೂ ಮೋಟಾರಿಗೂ ಏನ್ ಸಾ ಯತ್ವಾಸ? ಇದ್ರಲ್ಲಿ ಕುದ್ರೆ ಒಳಗದೆ, ಅಷ್ಟೆ.”

ಪದ್ಮರಾಜಯ್ಯನವರು ನಕ್ಕರು. ನಕ್ಕಿದ್ದೇ ತಪ್ಪಾಯಿತು.

“ನೋಡಯ್ಯ, ಗಂಡಿನ ಸೋದರಮಾವ ಹಾಸನದಲ್ಲಿ ಐದು ಮೋಟಾರು ಇಟ್ಟಿದ್ದಾರೆ. ಅವರ ಮುಂದೆ ನನ್ನ ಮಾನ ಕಳೀಬೇಡ. ಮಳೆ ಬಂದ್ರೆ ಒಂದು ಹನಿ ಒಳಗೆ ಬೀಳಬಾರದು.”

ಐದು ಮೋಟಾರು! ಮೂರು ಅರಕಲಗೂಡಿಗೆ ಓಡುತ್ತಿದ್ದವು, ಎರಡು ಹೊಳೆನರಸೀಪುರಕ್ಕೆ. ಆ ಮಾವ ನನ್ನ ಕೆಲಸ ನೋಡಿ ಒಮ್ಮೆ ತಲೆಯಾಡಿಸಿದರೆ ಐದೂ ಟಾಪು ನನ್ನವು. ಅಂದೇ ಒಂದು ಹಲಗೆಯ ಮೇಲೆ ‘ಇಲ್ಲಿ ಸಕಲ ಮೋಟಾರು ಟಾಪುಗಳನ್ನು ಶಾಸ್ತ್ರೋಕ್ತವಾಗಿ ಹಾಕಿಕೊಡಲಾಗುವುದು’ ಎಂದು ಬರೆಸಿ ಬಾಗಿಲಿಗೆ ತೂಗುಹಾಕಿದೆ. ಆವರೆಗೆ ನಾನು ಹಾಕಿದ್ದ ಮೋಟಾರು ಟಾಪುಗಳ ಸಂಖ್ಯೆ ಸೊನ್ನೆ.

ಡ್ರೈವರ್ ಬುಡನ್ ಸಾಬರು ಗಾಡಿಯನ್ನು ನಮ್ಮ ಅಂಗಳದಲ್ಲಿ ಬಿಟ್ಟು ಟೈರು ತರಲು ಹಾಸನಕ್ಕೆ ಹೋದರು. ನಾನು ಹಳೆಯ ಬಟ್ಟೆ ಕಿತ್ತೆ. ಒಳಗಿನ ಕಬ್ಬಿಣದ ಕಮಾನುಗಳನ್ನು ನೋಡಿ ನನಗೆ ಕನಿಕರವೇ ಆಯಿತು. ಒಂದು ಕೀಲೂ ನೆಟ್ಟಗಿರಲಿಲ್ಲ. ಕೈಯಿಟ್ಟರೆ ಸಾಕು, ಅಷ್ಟೂ ಹಿಂದಕ್ಕೆ ವಾಲುತ್ತಿದ್ದವು. ಕೀಲು ಅಲ್ಲಾಡಿದರೆ ನಮ್ಮ ಕಸುಬಿನಲ್ಲಿ ಅದಕ್ಕೊಂದೇ ಮದ್ದು, ಹಸಿ ಚರ್ಮದ ಬಾರು. ನೀರಲ್ಲಿ ನೆನೆಸಿ ಬಿಗಿದು ಬಿಸಿಲಿಗೆ ಬಿಟ್ಟರೆ ಒಣಗಿ ಕಬ್ಬಿಣವನ್ನೂ ಮೀರಿಸುತ್ತದೆ. ಎಂಟು ಕೀಲಿಗೂ ಎಂಟೆಂಟು ಸುತ್ತು ಬಿಗಿದೆ.

ನನ್ನ ಹೆಂಡತಿ ನಿಂಗಮ್ಮ ಅವರೆಕಾಯಿ ಸುಲಿಯುತ್ತ ನೋಡುತ್ತಿದ್ದಳು.

“ಅಲ್ಲಾ, ಅಷ್ಟೂ ಕೀಲು ಒಂದೇ ಕಡೀಕೆ ಬಾಗ್ತಿದ್ವು. ಮಡಿಸ್ಲಿ ಅಂತ್ಲೇ ಅಂಗ್ ಮಾಡವ್ರೇನೋ.”

“ಮಡಿಸೋದು ಕೊಡೆ ಕಣೇ. ಇದು ಮೋಟಾರು. ನೀನ್ ಎಷ್ಟನೇ ಕ್ಲಾಸು ಓದಿದ್ದೆ?”

“ನಾನು ಓದೇ ಇಲ್ಲ. ನಿಮ್ಮಂಗೆ ಅರ್ಧಕ್ಕೆ ನಿಲ್ಸೂ ಇಲ್ಲ.”

ಇಂಥವರೊಡನೆ ಮೋಟಾರಿನ ವಿಚಾರ ಮಾತಾಡಬಾರದೆಂದು ಕೆಲಸಕ್ಕೆ ತೊಡಗಿದೆ. ಕ್ಯಾನ್ವಾಸನ್ನು ತಮಟೆಯಂತೆ ಎಳೆದು ಎರಡು ವರಸೆ ಹೊಲಿದೆ. ಅಂಚಿಗೆಲ್ಲ ಮೊಳೆ ಹೊಡೆದೆ. ಅಗಸೆ ಎಣ್ಣೆಗೆ ದೀಪದ ಮಸಿ ಕಲಸಿ ಮೂರು ಸಲ ಬಳಿದೆ. ಪದ್ಮರಾಜಯ್ಯನವರನ್ನು ಒಳಗೆ ಕೂರಿಸಿ ಮೇಲೆ ಹನ್ನೆರಡು ಕೊಡ ನೀರು ಸುರಿದೆ. ಒಂದು ಹನಿ ಇಳಿಯಲಿಲ್ಲ. ಅವರು ಹೊರಗೆ ಬಂದು ನನ್ನ ಬೆನ್ನು ತಟ್ಟಿದರು. ಆ ರಾತ್ರಿ ಕನಸಿನಲ್ಲಿ ಐದು ಮೋಟಾರು ನಮ್ಮ ಬಾಗಿಲಲ್ಲಿ ಸಾಲುಗಟ್ಟಿ ನಿಂತಿದ್ದವು.

ಮದುವೆಯ ಹಿಂದಿನ ಸಂಜೆ ಗಂಡಿನ ಕಡೆಯವರು ಬಂದಿಳಿದರು. ಮೆರವಣಿಗೆಗೆ ಓಲಗ ಶುರುವಾಯಿತು. ಮದುಮಗ ಬಿಳಿಯ ಕೋಟು, ಜರಿ ಪೇಟ ಧರಿಸಿ ಮೋಟಾರಿನೊಳಗೆ ಕೂತ. ಹಾಸನದ ಸೋದರಮಾವನವರು ಬೆತ್ತ ಹಿಡಿದು ಗಾಡಿಯ ಸುತ್ತ ಬಂದು ಟಾಪನ್ನು ಮುಟ್ಟಿ ನೋಡಿದರು. ನಾನು ಅವರ ಹಿಂದೆಯೇ ಸುತ್ತಿದೆ.

“ಚೆನ್ನಾಗಿದೆ. ಸರಿ, ಇಳಿಸಿ. ಹುಡುಗ ಊರಿಗೆ ಕಾಣಿಸ್ಲಿ.”

ಮೋಟಾರಿನ ಟಾಪು ಇಳಿಯುತ್ತದೆ ಎಂಬ ಸಂಗತಿ ನನಗೆ ತಿಳಿದದ್ದು ಆಗ.

ಬುಡನ್ ಸಾಬರು ಎಳೆದರು. ಟಾಪು ಇಳಿಯಲಿಲ್ಲ, ಗಾಡಿಯೇ ಹಿಂದಕ್ಕೆ ಬಂತು. ಬೀಗರ ಕಡೆಯ ನಾಲ್ವರು ಪಂಚೆ ಮೇಲೆತ್ತಿ ಕಟ್ಟಿ ಎಳೆದರು. ಒಳಗೆ ಮದುಮಗ ತೊಟ್ಟಿಲಲ್ಲಿ ಕೂತಂತೆ ತೂಗಿದ.

“ಏನಣ್ಣಾ ಕೀಲಿಗೆ ಸುತ್ತಿರೋದು?” ಬುಡನ್ ಸಾಬರು ಕೇಳಿದರು.

“ಬಾರು.”

“ಯಾಕೆ?”

“ಅಲ್ಲಾಡ್ತಿತ್ತು.”

“ಅಲ್ಲಾಡ್ಲಿ ಅಂತ್ಲೇ ಅಲ್ವೇನಣ್ಣಾ ಕೀಲು ಮಾಡಿರೋದು?”

ಬಾರು ಕುಯ್ಯಲು ನನ್ನ ಕತ್ತಿ ತೆಗೆದೆ. ಕತ್ತಿ ಜಾರಿತು. ನನ್ನ ಕೆಲಸದ ಗಟ್ಟಿತನ ಅಂಥದು! ಓಲಗದವರು ಅದೇ ಕೀರ್ತನೆಯನ್ನು ಮೂರನೆಯ ಸಲ ಹಿಡಿದರು. ಜಗಲಿಯ ಮೇಲೆ ಆರತಿ ಹಿಡಿದ ಹೆಂಗಸರು ಬಗ್ಗಿ ಬಗ್ಗಿ ಇಣುಕಿದರು. “ಗಂಡೆಲ್ಲವ್ವಾ? ಬರೀ ಮೋಟಾರಿಗೇ ಮದ್ವೆ ಮಾಡ್ತಾರಾ?” ಎಂದು ಒಬ್ಬ ಮುದುಕಿ ಕೇಳಿಯೇಬಿಟ್ಟಳು. ಪದ್ಮರಾಜಯ್ಯನವರು ನನ್ನ ಹತ್ತಿರ ಬಂದು ಮೆಲ್ಲಗೆ, “ಹೋಯ್ತಲ್ಲಯ್ಯ ನನ್ನ ಮಾನ” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಗ ನನಗೆ ಬುದ್ಧಿ ಹೊಳೆಯಿತು. ಅದು ಹೊಳೆಯಬಾರದಿತ್ತು. ಮೋಟಾರಿನ ಮೇಲೆ ಹತ್ತಿ, ನಾನೇ ಹೊಲಿದ ಟಾಪಿನ ನಟ್ಟನಡುವೆ ಒಂದು ಮೊಳ ಅಗಲದ ಚೌಕ ಕುಯ್ದು, “ಎದ್ದು ನಿಂತ್ಕಳಿ ಬುದ್ಧಿ” ಎಂದೆ.

ಮದುಮಗ ಎದ್ದು ನಿಂತ. ಸೊಂಟದಿಂದ ಮೇಲೆ ಊರಿಗೆಲ್ಲ ಕಂಡ. ಜನ ಹೋ ಎಂದರು. ಓಲಗ ಜೋರಾಯಿತು. ಮಾವನವರೂ ಒಳಗೆ ಹತ್ತಿ ಕೂತರು, ಮೆರವಣಿಗೆ ಹೊರಟೇಬಿಟ್ಟಿತು! ನಾನು ಫುಟ್‌ಬೋರ್ಡಿನ ಮೇಲೆ ನಿಂತು ಎಡಬಲಕ್ಕೆ ಕೈಮುಗಿಯುತ್ತ ಹೋದೆ. ಪೇಟೆ ಬೀದಿಯ ತಿರುವಿಗೆ ಬಂದೆವು. ಮಳೆ ಹೊಯ್ಯಿತು.

ನನ್ನ ಟಾಪು ಆಗಲೂ ಒಂದು ಹನಿ ಕುಡಿಯಲಿಲ್ಲ. ಬಿದ್ದ ಅಷ್ಟೂ ನೀರನ್ನು ಜತನದಿಂದ ಕೂಡಿಸಿ ತೂತಿಗೆ ಕಳಿಸಿತು. ಮದುಮಗ ಕೂತರೆ ತಲೆಯ ಮೇಲೆ, ನಿಂತರೆ ಸೊಂಟದೊಳಗೆ. ಬಿಳಿಯ ಕೋಟಿಗೆ ನಡುವಿನ ಸುತ್ತ ದೀಪದ ಮಸಿಯ ಡಾಬು ಮೂಡಿತ್ತು.

ಜನದ ನಡುವೆ ನಿಂಗಮ್ಮ ಓಡಿಬಂದಳು. ಕೈಯಲ್ಲಿ ನಮ್ಮ ಮನೆಯ ಕೊಡೆ.

“ತಗಳಿ. ಮಡಿಸೋದು ಕೊಡೆ ಅಂದ್ರಲ್ಲ.”

ಕೊಡೆಯನ್ನು ತೂತಿನಲ್ಲಿ ತೂರಿಸಿ ಬಿಚ್ಚಿದೆ. ಹಾಗೆಯೇ ಛತ್ರ ಮುಟ್ಟಿದೆವು. ಮಾವನವರು ಪೇಟ ಹಿಂಡುತ್ತ ಇಳಿದು ನನ್ನನ್ನು ಕರೆದರು.

“ಹೊಲಿಗೆ ನಿನ್ನದೇನಯ್ಯ?”

“ಹೌದು ಸಾ.”

“ಒಳ್ಳೆ ಗಟ್ಟಿ ಹೊಲಿಗೆ. ನಮ್ಮ ತೋಟದಲ್ಲಿ ಒಂದು ಎತ್ತಿನ ಗಾಡಿ ಇದೆ, ಅದಕ್ಕೆ ಕಮಾನು ಕಟ್ಟಿಕೊಡು. ಬರುವಾಗ ನನ್ನ ಮೋಟಾರುಗಳ ಹತ್ತಿರ ಮಾತ್ರ ಹೋಗಬೇಡ.”

ಮದುವೆ ನಡೆಯಿತು. ಪದ್ಮರಾಜಯ್ಯನವರು ಗಾಡಿಯನ್ನು ಹಾಸನಕ್ಕೇ ಕಳಿಸಿದರು. ಅಲ್ಲಿಯವರು ಬಾರು ಬಿಚ್ಚಲು ಎರಡು ದಿನ ತೆಗೆದುಕೊಂಡರೆಂದು ಬುಡನ್ ಸಾಬರು ಹೇಳಿದಾಗ ಒಳಗೊಳಗೇ ಹೆಮ್ಮೆಪಟ್ಟೆ.

ಈಗ ನನ್ನಲ್ಲಿರುವುದು ಇಷ್ಟು: ದಬ್ಬಣ ಎರಡು. ಕತ್ತಿ ಒಂದು. ನಡುವೆ ತೂತಿರುವ ಕ್ಯಾನ್ವಾಸು ಒಂದು, ಸೌದೆಯ ಮೇಲೆ. ಹಲಗೆ ಒಂದು, ಬರಹ ಕೆಳಗಾಗಿ. ಅದರ ಮೇಲೆ ನಿಂಗಮ್ಮ ಅವರೆಕಾಯಿ ಸುಲಿಯುತ್ತಾಳೆ. ಕೊಡೆ ಒಂದು, ಎಣ್ಣೆಮಸಿ ಅಂಟಿದ್ದರಿಂದ ಮಡಿಸಲು ಬರುವುದಿಲ್ಲ. ಹಾಕಿದ ಮೋಟಾರು ಟಾಪು, ಒಂದು.