ಮಷೀನಿಗೆ ಉಡಿ ತುಂಬಿದ ಪ್ರಸಂಗ

ನಮ್ಮ ಮನೆಯಲ್ಲಿ ನನ್ನ ಮಾತು ಕೇಳುವವರು ಯಾರೂ ಇಲ್ಲ. ಹೆಂಡತಿ ಆದೆಮ್ಮ ಕೇಳುವುದಿಲ್ಲ. ಮದುವೆಯ ಹೊಸದರಲ್ಲಿ ಒಂದೆರಡು ಸಲ ಕೇಳಿ ನೋಡಿ, ಲಾಭವಿಲ್ಲವೆಂದು ಬಿಟ್ಟುಬಿಟ್ಟಳು. ಬೆಕ್ಕು ಕೇಳುವುದಿಲ್ಲ, ಅದು ಆದೆಮ್ಮನ ಪಕ್ಷ. ಹಿತ್ತಲಿನ ನಲ್ಲಿಯಂತೂ ರಾಯಚೂರಿನ ನಲ್ಲಿ, ಅದು ಯಾರ ಮಾತನ್ನೂ ಕೇಳಿದ್ದಿಲ್ಲ. ಹೀಗಿರುವಾಗ, ಹೇಳಿದ್ದನ್ನು ಹೇಳಿದ ಹಾಗೆ, ಎದುರುತ್ತರ ಕೊಡದೆ ಮಾಡಿ ಮುಗಿಸುವ ಜೀವವೊಂದು ಮನೆಗೆ ಬಂದರೆ, ನಾನು ಅದರ ಮೇಲೆ ಮನಸ್ಸಿಟ್ಟದ್ದು ತಪ್ಪೇ? (ಗಾಬರಿಯಾಗಬೇಡಿ. ನಾನು ಹೇಳುತ್ತಿರುವುದು ಬಟ್ಟೆ ಒಗೆಯುವ ಮಷೀನಿನ ವಿಷಯ.)

ಅದು ಎಂಬತ್ತೇಳನೆಯ ಇಸವಿ. ಪಕ್ಕದ ಮನೆಯ ಖಾಸಿಂ ಸಾಬ್ ಸೌದಿಯಿಂದ ಬರುವಾಗ ಹೆಂಡತಿಗೆಂದು ಈ ಜಪಾನಿ ಮಷೀನನ್ನು ಹೊತ್ತು ತಂದಿದ್ದರು. ಆಕೆ ಅದನ್ನು ಒಂದು ಸುತ್ತು ಹಾಕಿ ನೋಡಿ, "ನನ್ನ ಕೈಗೇನು ಲಕ್ವಾ ಹೊಡದದೇನು?" ಎಂದು ಕೇಳಿದ ಮೇಲೆ ಅದು ಅವರ ಅಂಗಳದಲ್ಲಿ ಕೋಳಿಗಳಿಗೆ ಕಟ್ಟೆಯಾಗಿತ್ತು. ನನ್ನ ರೇಡಿಯೊ ಅವರಿಗೆ ಕೊಟ್ಟು ಅದನ್ನು ನಾನು ಬಿಡಿಸಿ ತಂದೆ.

ನನ್ನ ಭಕ್ತಿಗೆ ಕಾರಣವಿತ್ತು. ನಾನು ಶಕ್ತಿನಗರದ ವಿದ್ಯುತ್ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುವವನು. ಕಂಪ್ಯೂಟರ್ ಎಂದರೆ ಬೀರುವಿನಷ್ಟು ದೊಡ್ಡದಿರುತ್ತದೆ, ತಂಪು ಕೋಣೆಯಲ್ಲಿ ಕೂತು ಸೇವೆ ಮಾಡಿಸಿಕೊಳ್ಳುತ್ತದೆ ಎಂದು ಊರೆಲ್ಲ ನಂಬಿದ್ದ ಕಾಲದಲ್ಲಿ ನಾನು ಇನ್ನೊಂದು ಕುಲದ ಕಂಪ್ಯೂಟರನ್ನು ಕಂಡಿದ್ದೆ. ಉಗುರಿನಷ್ಟು ಚಿಪ್ಪು. ಯಂತ್ರದ ಹೊಟ್ಟೆಯೊಳಗೆ ಕೂತಿರುತ್ತದೆ. ತನ್ನದೆಂದು ಮುಖವಿಲ್ಲ, ಹೆಸರಿಲ್ಲ. ಹುಟ್ಟಿದಾಗ ಒಂದು ಕೆಲಸ ಕಲಿಸಿರುತ್ತಾರೆ, ಸಾಯುವವರೆಗೂ ಅದೊಂದನ್ನೇ ಮಾಡುತ್ತದೆ. ಶಕ್ತಿನಗರದಲ್ಲಿ ಬಾಯ್ಲರಿನ ನೀರು ತುಸು ಇಳಿದರೆ ಕಂಡುಹಿಡಿದು ವಾಲ್ವಿಗೆ ಅಪ್ಪಣೆ ಕೊಡುವುದು ಅದೇ ಕುಲ. ನಮ್ಮೂರ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ತೂಗಲು ಬಂದ ಹೊಸ ತಕ್ಕಡಿಯಲ್ಲಿ ಅಂಕಿ ಮಿನುಗಿಸುವುದು, ಖಾಸಿಂ ಸಾಬರ ವೀಡಿಯೊ ಪೆಟ್ಟಿಗೆಯನ್ನು ಹೇಳಿದ ಹೊತ್ತಿಗೆ ಎಬ್ಬಿಸುವುದು, ನನ್ನ ಮಣಿಕಟ್ಟಿನ ಗಡಿಯಾರದಲ್ಲಿ ಪೀಪಿ ಊದುವುದು, ಎಲ್ಲ ಅದರದೇ ದಾಯಾದಿಗಳು. ಇಂಥ ಮಹಾನುಭಾವ ನನ್ನ ಬನಿಯನ್ ಒಗೆಯಲು ಬಂದಿದ್ದಾನೆಂದರೆ ಕಣ್ಣಲ್ಲಿ ನೀರು ಬರಬೇಕು. ನನಗೆ ಬಂತು.

ಮಾಳಿಗೆಯ ಮೇಲೆ ಡ್ರಮ್ಮು ಇಟ್ಟು, ಅದರಿಂದ ಮಷೀನಿಗೆ ಪೈಪು ಎಳೆಸಿದೆ. ಖಾಸಿಂ ಸಾಬರ ಸಾಕ್ಷಿಯಲ್ಲಿ ಹೆಂಡತಿಗೆ ಘೋಷಿಸಿದೆ: "ಇವತ್ತಿನಿಂದ ನೀ ಬಟ್ಟಿ ಒಗಿಯಂಗಿಲ್ಲ. ಮಷೀನು ಒಗಿತದ. ಅದು ಒಗಿಲಿಲ್ಲಂದ್ರ ನಾ ಒಗಿತೀನಿ."

"ಖಾಸಿಂ ಅಣ್ಣಾ, ಕೇಳಿದ್ಯಲ್ಲ?" ಎಂದಳು ಆದೆಮ್ಮ. ಅಷ್ಟೇ ಎಂದಳು. ಆ ಅಷ್ಟೇ ನನಗೆ ಆಗ ಅರ್ಥವಾಗಲಿಲ್ಲ.

ಮರುವಾರವೇ ಪರೀಕ್ಷೆಯ ದಿನ ಬಂತು. ಮಾವ ಗದ್ದೆಪ್ಪನವರು, ಅತ್ತೆ ಬಾಲಮ್ಮನವರು ದೇವದುರ್ಗದಿಂದ ಬೆಳಗಿನ ಬಸ್ಸಿಗೆ ಬಂದಿಳಿದರು. ಆದೆಮ್ಮನ ಕಿರಿಯ ತಮ್ಮ ಯಮನೂರಪ್ಪನಿಗೆ ಮಾನ್ವಿಯಲ್ಲಿ ಹೆಣ್ಣು ಗೊತ್ತಾಗಿತ್ತು. ಮಧ್ಯಾಹ್ನ ಅಲ್ಲಿ ಹಿರಿಯರ ಮಾತುಕತೆ. ಹೆಣ್ಣಿನ ಕಡೆಯವರು ಬಲು ಬಿಗಿ ಜನ, ಇನ್ನೂ ಹೂಂ ಅಂದಿರಲಿಲ್ಲ. ಶಕ್ತಿನಗರದ ನೌಕರ ಅಳಿಯನೊಬ್ಬ ಜೊತೆಗಿದ್ದರೆ ತೂಕ ಬರುತ್ತದೆಂದು ನನ್ನನ್ನು ಕರೆದೊಯ್ಯಲು ರಾಯಚೂರು ಸುತ್ತಿ ಬಂದಿದ್ದರು. ಮಾವನವರದು ನೂರಾರು ಕುರಿ ಕಾಯ್ದ ಗಾಂಭೀರ್ಯ. ಅಚ್ಚ ಬಿಳಿಯ ಧೋತರ, ಅಂಗಿ, ತಲೆಗೆ ಬಿಳಿಯ ರುಮಾಲು. ಆದರೆ ಬಸ್ಸಿನಲ್ಲಿ ಮುಂದಿನ ಸೀಟಿನವನೊಬ್ಬ ಎಲೆ ಅಡಿಕೆ ಉಗುಳಿದ್ದ. ಅವನು ಉಗುಳಿದ್ದು ಕಿಟಕಿಯ ಹೊರಕ್ಕೇ. ಗಾಳಿ ಅದನ್ನು ಹಿಂದಿನ ಕಿಟಕಿಯಿಂದ ಮಾವನವರಿಗೆ ಒಪ್ಪಿಸಿತ್ತು.

"ಕೊಡು ಯಪ್ಪಾ, ಕಲ್ಲಿಗಿ ನಾಕು ಸಲ ಬಡದು ಮಾಳಿಗಿ ಮ್ಯಾಲ ಹಾಕ್ತೀನಿ," ಎಂದಳು ಆದೆಮ್ಮ. "ನಮ್ಮೂರ ಬಿಸಲಿಗಿ ಊಟ ಮಾಡಿ ಏಳೂದ್ರಾಗ ಹಪ್ಪಳ ಆಗಿರ್ತಾವ."

ನಾನು ನಡುವೆ ಕೈಚಾಚಿ ನಿಂತೆ. ಇಂಥ ಅವಕಾಶ ಮತ್ತೆ ಸಿಗುವುದೇ?

"ಮಾವಾರ, ಇದರ ಒಳಗ ಮೈಕ್ರೊಪ್ರೊಸೆಸರ್ ಅದ ರೀ."

"ಅದು ಯಾರು?"

"ಒಳಗ ಕುಂತು ಎಲ್ಲಾ ನೋಡಿಕೊಳ್ಳಾಂವ. ನೀರು ಎಷ್ಟು ಬೇಕು, ಎಷ್ಟು ಕಾಯಬೇಕು, ಯಾವಾಗ ತಿರಗಬೇಕು, ಯಾವಾಗ ಹಿಂಡಬೇಕು, ಎಲ್ಲಾ ಅವಂದ ಲೆಕ್ಕ."

ಮಾವನವರು ಬಗ್ಗಿ ಗಾಜಿನ ಬಾಗಿಲೊಳಗೆ ನೋಡಿದರು. "ಬಟ್ಟಿ ಒಗಿಯಾಕ ಒಬ್ಬಾವ್ನ ಒಳಗ ಕುಂದರಸೀರಿ. ಅವನ ಊಟ?"

"ಕರೆಂಟು ರೀ."

"ಪಾಪ," ಎಂದು ಅವರು ಬಟ್ಟೆ ಬಿಚ್ಚಿಕೊಟ್ಟು ನನ್ನ ಚೌಕಡಿ ಲುಂಗಿ ಸುತ್ತಿಕೊಂಡರು. ಲುಂಗಿ ಅವರ ಜನ್ಮದ ವೈರಿ. "ಅಳಿಯಂದ್ರ, ಮಾನ್ವಿ ಬಸ್ಸಿನ ಹೊತ್ತಿಗಿ ನನ್ನ ಬಟ್ಟಿ ನನಗ ಬರಬೇಕು. ಇನ್ನೊಬ್ಬರ ರುಮಾಲು ಸುತಗೊಂಡು ಸಂಬಂಧ ಮಾತಾಡು ಮನಷ್ಯಾ ಅಲ್ಲ ನಾ."

ನಾನು ಸೋಪಿನ ಪುಡಿ ತರಲು ಅಂಗಡಿಗೆ ಓಡಿದೆ. ಮರಳಿ ಬಂದಾಗ ಮಷೀನಿನ ಹಣೆಯ ಮೇಲೆ ಕುಂಕುಮವಿತ್ತು, ಅತ್ತೆಯವರು ಕೈ ಜಾಡಿಸಿಕೊಳ್ಳುತ್ತಿದ್ದರು. ಹೊಸ ವಸ್ತುವಿಗೆ ಪೂಜೆ ಮಾಡಿದ್ದಾರೆ, ಒಳ್ಳೆಯದೇ ಎಂದುಕೊಂಡು, ಒಳಗೆ ಇಣುಕಿಯೂ ನೋಡದೆ ಬಟ್ಟೆ ತುರುಕಿ ಬಾಗಿಲು ಮುಚ್ಚಿದೆ. ಗುಂಡಿ ಒತ್ತಿದೆ. ಕಟಕ್ ಎಂದು ಬಾಗಿಲಿನ ಬೀಗ ಬಿತ್ತು. ಎಲ್ಲರೂ ಮಷೀನಿನ ಮುಂದೆ ಸಾಲಾಗಿ ಕೂತೆವು, ಬಯಲಾಟ ನೋಡುವವರ ಹಾಗೆ.

ನೀರು ತುಂಬಿತು, ಕಾಯಿತು, ತಿರುಗತೊಡಗಿತು. ಎಂಥ ನಿಷ್ಠೆ. ಬಲಕ್ಕೆ ಇಷ್ಟು ಸುತ್ತು, ತುಸು ವಿಶ್ರಾಂತಿ, ಎಡಕ್ಕೆ ಅಷ್ಟೇ ಸುತ್ತು. ನಾನು ವಿವರಣೆ ಕೊಡುತ್ತಿದ್ದೆ.

"ರೀ, ನೀರು ಕೆಂಪಗಾಗ್ಯಾವ," ಎಂದಳು ಆದೆಮ್ಮ.

"ಎಲಿ ಅಡಿಕಿ ಕಲೆ ಬಿಡಾಕತ್ತದ. ಕಲ್ಲಿಗಿ ಬಡದಿದ್ರ ಇಷ್ಟು ಬಿಡ್ತಿತ್ತೇನು?"

ನೀರು ಇನ್ನೂ ಕೆಂಪಾಯಿತು. ಕುರಿ ಕೊಯ್ದ ಹಾಗಾಯಿತು. ಒಬ್ಬ ಮನುಷ್ಯ ಜೀವಮಾನದಲ್ಲಿ ಉಗುಳಬಹುದಾದ ಎಲೆ ಅಡಿಕೆಗಿಂತ ಹೆಚ್ಚಾಯಿತು. ಒಳಗಿನಿಂದ ಗುಡುಗುಡು ಸದ್ದು ಬಂತು.

"ಅದು ಗೇರು," ಎಂದೆ.

ಆಗ ಗಾಜಿನ ಹಿಂದೆ ಅರ್ಧ ಕೊಬ್ಬರಿ ಬಟ್ಟಲೊಂದು ಹಾದುಹೋಯಿತು. ಅದರ ಹಿಂದೆ ಒಂದು ಉತ್ತತ್ತಿ ಬಂದು ಗಾಜಿಗೆ ಅಂಟಿಕೊಂಡು ನನ್ನನ್ನೇ ನೋಡಿತು.

ಶಕ್ತಿನಗರದ ತರಬೇತಿಯಲ್ಲಿ ಉತ್ತತ್ತಿಯ ಬಗ್ಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ನಾನು ನಿಧಾನವಾಗಿ ಅತ್ತೆಯವರ ಕಡೆ ತಿರುಗಿದೆ.

"ಉಡಿ ತುಂಬೀನಿ," ಎಂದರು ಬಾಲಮ್ಮನವರು, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ಹೊಸದಾಗಿ ಮನಿಗಿ ಬಂದಾಕಿನ ಬರಿ ಉಡಿಲೆ ಕುಂದರಸ್ತಾರೇನ್ರಿ? ಅಕ್ಕಿ, ಕೊಬ್ಬರಿ, ಉತ್ತತ್ತಿ, ಅಡಿಕಿ ಎಲ್ಲಾ ಹಾಕೀನಿ. ಒಂದು ಕುಬಸದ ಖಣ. ಬೀರಪ್ಪನ ಗುಡಿದು ಎರಡು ಬೊಗಸಿ ಭಂಡಾರನೂ ಹಾಕೀನಿ."

ಭಂಡಾರವೆಂದರೆ ಮಾವನವರ ಮನೆದೇವರ ಅರಿಷಿಣದ ಪುಡಿ. ಅರಿಷಿಣಕ್ಕೆ ಸೋಪು ತಾಗಿದರೆ ರಕ್ತದ ಬಣ್ಣ ಬರುತ್ತದೆಂಬುದು ಬಚ್ಚಲು ಕಂಡ ಹೆಂಗಸರಿಗೆಲ್ಲ ಗೊತ್ತು. ಮೈಕ್ರೊಪ್ರೊಸೆಸರಿಗೆ ಗೊತ್ತಿರಲಿಲ್ಲ. ನನಗೂ ಇರಲಿಲ್ಲ.

ನಾನು ನಿಲ್ಲಿಸುವ ಗುಂಡಿ ಒತ್ತಿದೆ. ಎಲ್ಲ ಗುಂಡಿಗಳನ್ನೂ ಒತ್ತಿದೆ. ಬಾಗಿಲು ಜಗ್ಗಿದೆ. ಒಳಗೆ ನೀರಿರುವವರೆಗೆ ಬಾಗಿಲು ತೆರೆಯಬಾರದೆಂದು ಅದಕ್ಕೆ ಕಲಿಸಿದ್ದರು; ಅದು ತೆರೆಯಲಿಲ್ಲ. ಹರಿಶ್ಚಂದ್ರನ ನಂತರ ಕೊಟ್ಟ ಮಾತಿಗೆ ಇಷ್ಟು ಗಟ್ಟಿ ನಿಂತವರನ್ನು ನಾನು ಕಂಡಿಲ್ಲ. ಬೈಯಲು ಬಾಯಿ ಬರಲಿಲ್ಲ, ಅಭಿಮಾನವೇ ಬಂತು.

ಅಷ್ಟರಲ್ಲಿ ಕರೆಂಟು ಹೋಯಿತು. (ಊರಿಗೆಲ್ಲ ಬೆಳಕು ಮಾಡುವ ಕೆಲಸದವನ ಮನೆಯಲ್ಲಿ ಕತ್ತಲೆ. ದೀಪದ ಬುಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.) ಬಾಗಿಲ ಬೀಗ ಹಾಗೇ ಇತ್ತು. ಮಾವನವರು ಲುಂಗಿಯ ತುದಿ ಹಿಡಿದು ಅತ್ತಿಂದಿತ್ತ ಅಡ್ಡಾಡಿದರು.

"ಒಳಗಿನಾಂವ ಉಪಾಸ ಬಿದ್ದ," ಎಂದರು.

ಕರೆಂಟು ಬಂತು. ಮಷೀನು ಎಚ್ಚೆತ್ತು, ಹಿಂದಿನದೆಲ್ಲ ಮರೆತು, ಹೊಸ ನೀರು ತುಂಬಿಕೊಂಡು ಮೊದಲಿನಿಂದ ಶುರುಮಾಡಿತು. ನನ್ನ ಕಣ್ಣು ತುಂಬಿ ಬಂತು. ಎಷ್ಟು ದೊಡ್ಡ ಗುಣ ನೋಡಿ. ಕರೆಂಟು ಹೋಗಿ ಬಂದರೆ ಅದರ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ. ಆದೆಮ್ಮನಿಗೆ ನಮ್ಮ ಮದುವೆಯಲ್ಲಿ ನಮ್ಮ ಚಿಕ್ಕಮ್ಮ ಯಾವ ತಟ್ಟೆಯಲ್ಲಿ ಎಷ್ಟು ಹೋಳಿಗೆ ಕಡಿಮೆ ಬಡಿಸಿದಳು ಎಂಬುದು ಇವತ್ತಿಗೂ ನೆನಪಿದೆ, ಕರೆಂಟೇ ಬೇಡ.

ಎರಡನೆಯ ಸಲ ಇನ್ನೂ ಭಕ್ತಿಯಿಂದ ಒಗೆದು, ಜಾಲಾಡಿ, ಹಿಂಡಿ, ಪೀಪಿ ಊದಿ, ಬೀಗ ತೆಗೆಯಿತು. ಸೋಪು ಹೋದ ಮೇಲೆ ಕೆಂಪು ಇಳಿದಿತ್ತು. ಧೋತರ, ಅಂಗಿ, ರುಮಾಲು ಮೂರೂ ಚೆಂಡು ಹೂವಿನ ಹಳದಿಯಾಗಿದ್ದವು. ಒಂದು ಎಳೆಯೂ ತಪ್ಪಿಲ್ಲ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಇಲ್ಲ. ಬಣ್ಣ ಹಾಕುವವರು ಕೂಡ ಹೀಗೆ ಸಮನಾಗಿ ಹಾಕಲಾರರು. ಎಲೆ ಅಡಿಕೆಯ ಕಲೆ ಹುಡುಕಿದರೂ ಇರಲಿಲ್ಲ.

ಮಾವನವರು ರುಮಾಲನ್ನು ಕೈಗೆತ್ತಿಕೊಂಡರು. ಮೂಸಿದರು. ಇನ್ನು ನನ್ನ ಕುತ್ತಿಗೆಗೇ ಅದನ್ನು ಸುತ್ತುತ್ತಾರೆಂದು ನಾನು ಗೋಡೆಗೆ ಆನಿಕೊಂಡೆ. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡರು.

"ಬೀರಪ್ಪನ ಬಣ್ಣ," ಎಂದರು. "ಅವನ ಮನಸಿನ್ಯಾಗ ಇದ್ದಂಗ ಆಗ್ಲಿ. ನಡೀರಿ, ಬಸ್ಸಿಗಿ ಹೊತ್ತಾತು."

ಉಳಿದ ತೇವ ಬಸ್ಸಿನ ಕಿಟಕಿಯ ಗಾಳಿಗೆ ಆರಿತು. ಮಾನ್ವಿಯಲ್ಲಿ ಹೆಣ್ಣಿನ ಅಜ್ಜ ಮೂಕಪ್ಪನವರು ಬಾಗಿಲಿಗೆ ಬಂದು, ಅಡಿಯಿಂದ ಮುಡಿಯವರೆಗೆ ಭಂಡಾರದಲ್ಲಿ ಮಿಂದ ಹಿರಿಯರನ್ನು ಕಂಡು, ಹೇಳಬೇಕೆಂದಿದ್ದ ಬಿಗಿ ಮಾತುಗಳನ್ನೆಲ್ಲ ನುಂಗಿಕೊಂಡು ಕಾಲಿಗೆರಗಿದರು. ಅವರೂ ಬೀರಪ್ಪನ ಒಕ್ಕಲು. ಚಹಾ ತಣ್ಣಗಾಗುವ ಮೊದಲೇ ಸಂಬಂಧ ಗಟ್ಟಿಯಾಯಿತು. ತೂಕಕ್ಕೆಂದು ಹೋಗಿದ್ದ ನನ್ನನ್ನು ಕೊನೆಗೊಮ್ಮೆ ಯಾರೋ ಕಂಡು, ಇವರು ಯಾರು ಎಂದು ವಿಚಾರಿಸಿದರು.

"ಮಷೀನು ಅದ ಅಲ್ಲ, ಅದರ ಮನಿಯವರು," ಎಂದರು ಮಾವ.

ಅಲ್ಲಿಗೆ ನನ್ನ ವಿಜಯ ಸಂಪೂರ್ಣವಾಯಿತು. ಒಂದು ತಿಂಗಳು ನಾನು ನೆಲದ ಮೇಲೆ ನಡೆಯಲಿಲ್ಲ. ನಾಗರ ಪಂಚಮಿ ಬಂತು. ಅಕ್ಕನನ್ನು ತವರಿಗೆ ಕರೆಯಲು ಯಮನೂರಪ್ಪ ಬಂದ. ಪ್ರತಿವರ್ಷ ಬಸ್ಸಿಗೆ ಬರುವವನು ಈ ಸಲ ಮೆಟಡೋರ್ ತಂದಿದ್ದ. ಅದರಲ್ಲಿ ಇಬ್ಬರು ಗಟ್ಟಿ ಆಳುಗಳಿದ್ದರು.

"ಒಬ್ಬಾಕಿನ ಒಯ್ಯಾಕ ಮೆಟಡೋರ್ ಯಾಕೋ?" ಎಂದೆ.

"ಇಬ್ಬರು ಅದಾರಲ್ಲ ಮಾವಾ. ಅವ್ವ ಹೇಳ್ಯಾಳ, ಉಡಿ ತುಂಬಿದ ಮ್ಯಾಲ ಆಕಿನೂ ನಮ್ಮ ಮನಿ ಮಗಳು. ಪಂಚಮಿಗಿ ಕರದುಕೊಂಡು ಬಾ ಅಂದಾಳ."

"ಯಮನೂರಪ್ಪ, ಅದು ಮಷೀನು. ಅದರ ತವರುಮನಿ ಜಪಾನ್."

"ಜಪಾನ್‌ದವರು ಉಡಿ ತುಂಬಿ ಕಳಸಿದ್ರೇನು ಮಾವಾ?"

ಇದಕ್ಕೆ ಉತ್ತರವಿದ್ದರೆ ಓದುಗರು ದಯವಿಟ್ಟು ನನಗೆ ತಿಳಿಸಬೇಕು. ಮಷೀನು ಮೆಟಡೋರ್ ಏರಿತು. ಪಕ್ಕದಲ್ಲಿ ಆದೆಮ್ಮ ಅದರ ಮೇಲೆ ಕೈಯಿಟ್ಟು, ತಂಗಿಯನ್ನು ಕರೆದೊಯ್ಯುವವಳ ಹಾಗೆ ಕೂತಿದ್ದಳು.

ಪಂಚಮಿ ಮುಗಿದು ಆದೆಮ್ಮ ಬಂದಳು, ಮಷೀನು ಬರಲಿಲ್ಲ. ಕೇಳಿದರೆ ಅತ್ತೆಯವರು, "ಪಾಪ, ಎಂದೂ ತವರು ಕಾಣದಾಕಿ. ನಾಕು ದಿನ ಇರ್ಲಿ ಬಿಡ್ರಿ, ಮದುವಿ ಬಟ್ಟಿ ಬ್ಯಾರೆ ಅದಾವ," ಎಂದರು. ಮದುವೆಯಾಯಿತು. ಮಾನ್ವಿಯ ಸೊಸೆ ಮನೆಗೆ ಬಂದು ಗುಂಡಿಗಳನ್ನೆಲ್ಲ ಕಲಿತಳಂತೆ. ಈಗ ಅವಳಿಗೆ ದಿನ ತುಂಬಿವೆ, ಮುಂದೆ ಕೂಸಿನ ಬಟ್ಟೆ. ಮಗಳನ್ನು ಕಳಿಸಿ ಎಂದು ತವರಿನವರ ಜೊತೆ ಎಷ್ಟೆಂದು ಜಗಳವಾಡಲಿ?

ಇತ್ತ ನಾನು ಖಾಸಿಂ ಸಾಬರ ಸಾಕ್ಷಿಯಲ್ಲಿ ಆಡಿದ ಮಾತು ಹಾಗೇ ಉಳಿದಿದೆ. ರಜೆಯ ದಿನ ಹಿತ್ತಲ ಕಲ್ಲಿನ ಮುಂದೆ ನಾನು ಕೂರುತ್ತೇನೆ. ಆದೆಮ್ಮ ಹೊಸ್ತಿಲ ಮೇಲೆ ಕಾಲು ಚಾಚಿ, ತೊಡೆಯ ಮೇಲೆ ಬೆಕ್ಕನ್ನು ಮಲಗಿಸಿಕೊಂಡು, ಒಂದೊಂದೇ ಅಪ್ಪಣೆ ಕೊಡುತ್ತಾಳೆ. "ನೆನಸ್ರಿ." ನೆನೆಸುತ್ತೇನೆ. "ತಿಕ್ರಿ." ತಿಕ್ಕುತ್ತೇನೆ. "ಜಾಲಾಡ್ರಿ. ಹಿಂಡ್ರಿ." ಗೋಡೆಯಾಚೆಯಿಂದ ನನ್ನದೇ ರೇಡಿಯೊ ಹಾಡುತ್ತಿರುತ್ತದೆ.

ಮೊನ್ನೆ ನಡುವೆ ಖಾಸಿಂ ಸಾಬ್ ಕರೆದರೆಂದು ಎದ್ದುಹೋಗಿ ಬಂದವನಿಗೆ ಎಲ್ಲಿಯವರೆಗೆ ಆಗಿತ್ತೆಂದು ಮರೆತುಹೋಯಿತು. ಕೈಯಲ್ಲಿ ಸೀರೆ ಹಿಡಿದು ನಿಂತೆ.

"ಕರೆಂಟು ಹೋಗಿ ಬಂತೇನು?" ಎಂದಳು ಆದೆಮ್ಮ. "ಮೊದಲಿಂದ ಶುರು ಮಾಡ್ರಿ."

ನಾನು ಎದುರುತ್ತರ ಕೊಡದೆ ಬಕೆಟ್ಟಿಗೆ ಹೊಸ ನೀರು ತುಂಬಿಕೊಂಡೆ.