ಮಾವನ ಕೆಂಪು ಕಾರಿಗೆ ಹಲ್ಲಿನ ಪಾಲಿಶ್

ಹೊಳೆಯಬೇಕಾದ ವಸ್ತು ಜಗತ್ತಿನಲ್ಲಿ ಯಾವುದೇ ಇರಲಿ, ಅದನ್ನು ಹೊಳೆಯಿಸುವ ಕೈ ತನ್ನದು ಎಂದು ಹಲ್ಲಿನ ಡಾಕ್ಟರು ಭಾನುವಾರ ಬೆಳಗ್ಗೆ ಘೋಷಿಸಿದರು. ಕೇಳಲು ಇದ್ದವಳು ಹೆಂಡತಿ ಒಬ್ಬಳೇ. ಅವಳು ಪೇಪರಿನಿಂದ ತಲೆ ಎತ್ತಲಿಲ್ಲ.

ಘೋಷಣೆಗೆ ಕಾರಣ ಬಾಗಿಲ ಮುಂದೆ ನಿಂತಿದ್ದ ಮಾವನ ಕಾರು. ಮಾವ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಸೊಳ್ಳೆಯ ಕಾಲಿನಷ್ಟು ಮುಳ್ಳು ಓರೆಯಾದರೂ ಅವರಿಗೆ ಊಟ ರುಚಿಸುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಆ ಕೆಂಪು ಕಾರಿನ ಮೇಲೆ ಇನ್ನೂ ಮೊದಲಿನ ಬಣ್ಣವೇ ಇತ್ತು, ಬೇರೆಯವರ ಕೈ ಅದನ್ನು ಸೋಕಿರಲಿಲ್ಲ. ಹಿರಿಮಗಳ ಮನೆಗೆ ರೈಲಿನಲ್ಲಿ ಹೊರಟಾಗ, ಇದೇ ಮೊದಲ ಸಲ, ಕೀಯನ್ನು ಕಿರಿಯಳಿಯನ ಕೈಗಿಟ್ಟಿದ್ದರು. ಡಾಕ್ಟರಿಗೆ ಆವತ್ತಿನಿಂದ ನೆಲದ ಮೇಲೆ ಕಾಲು ನಿಂತಿರಲಿಲ್ಲ.

“ನನ್ನನ್ನ ಕೊಡೋಕೆ ಅಪ್ಪ ಒಂದು ಸಂಜೆ ಯೋಚನೆ ಮಾಡಿದ್ರು. ಈ ಕೀ ಕೊಡೋಕೆ ಹನ್ನೆರಡು ವರ್ಷ ತಗೊಂಡಿದ್ದಾರೆ,” ಎಂದಳು ಹೆಂಡತಿ. “ಒದ್ದೆ ಬಟ್ಟೆಯಲ್ಲಿ ಒರೆಸಿ, ಸುಮ್ನೆ ಒಳಗೆ ಬನ್ನಿ.”

ಒದ್ದೆ ಬಟ್ಟೆ! ಪದವಿ ಪಡೆದ ಕೈಗೆ ಒದ್ದೆ ಬಟ್ಟೆ! ಡಾಕ್ಟರು ಬಾನೆಟ್ಟಿನ ಮೇಲೆ ಬಗ್ಗಿ ತಪಾಸಣೆ ಶುರುಮಾಡಿದರು. ಎಡಭಾಗದಲ್ಲಿ ಉಗುರಿನುದ್ದದ, ಕೂದಲೆಳೆಯಷ್ಟು ತೆಳುವಾದ ಒಂದು ಗೀರು ಕಂಡಿತು. ಅದು ಮೊದಲಿನಿಂದಲೂ ಇತ್ತೋ, ತಾನು ತರಕಾರಿಗೆ ಹೋದಾಗ ಆಯಿತೋ? ಮಾವ ಸಂಜೆ ಬರುವವರಿದ್ದರು. ಬಂದವರು ಮೊದಲು ಮಗಳನ್ನಲ್ಲ, ಬಾನೆಟ್ಟನ್ನೇ ನೋಡುವವರು.

ಕ್ಲಿನಿಕ್ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಹಲ್ಲು ತಿಕ್ಕುವ ಪುಟ್ಟ ಯಂತ್ರ, ಅದರ ರಬ್ಬರ್ ಬಟ್ಟಲು, ಕರೆ ತೆಗೆಯುವ ಪೇಸ್ಟು, ಮುಖಕ್ಕೊಂದು ಮಾಸ್ಕು, ಎಲ್ಲವೂ ಹೊರಗೆ ಬಂದವು. ಯಂತ್ರ ಗುಂಯ್ ಎಂದಿತು. ಎರಡೇ ನಿಮಿಷದಲ್ಲಿ ಗೀರು ಮಾಯ! ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಒರೆಸಿದ ಹತ್ತಿಗೆ ಕೆಂಪು ಬಣ್ಣ ಹತ್ತಿತ್ತು. ಇಪ್ಪತ್ತು ವರ್ಷದಿಂದ ಎಲೆ-ಅಡಿಕೆ, ಬೀಡಿ, ಕಾಫಿಯ ಕರೆಗಳನ್ನೇ ಕಂಡ ಕಣ್ಣು ಅದು. ಹತ್ತಿಗೆ ಬಣ್ಣ ಬಂತೆಂದರೆ ಕೊಳೆ ಬಿಡುತ್ತಿದೆ ಎಂದೇ ಅದಕ್ಕೆ ಗೊತ್ತು. ಇನ್ನಷ್ಟು ತಿಕ್ಕಿದರು, ಇನ್ನಷ್ಟು ಬಂತು. ಕೊನೆಗೆ ಕೆಂಪಿನ ನಡುವೆ ಅಂಗೈಯಗಲದ ಬಿಳುಪು ಇಣುಕಿದಾಗ ಡಾಕ್ಟರಿಗೆ ಧನ್ಯತೆಯೇ ಉಂಟಾಯಿತು.

“ನೋಡು ಬಾ, ಎಷ್ಟು ವರ್ಷದ ಕೊಳೆ ಇತ್ತು!” ಎಂದು ಹೆಂಡತಿಯನ್ನು ಕೂಗಿದರು.

ಅವಳು ಬಂದಳು. ಹತ್ತಿಯನ್ನು ನೋಡಿದಳು, ಬಾನೆಟ್ಟನ್ನು ನೋಡಿದಳು, ಗಂಡನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

“ಕಾರು ಯಾವ ಬಣ್ಣ?”

“ಕೆಂಪು.”

“ಕೊಳೆ ಯಾವ ಬಣ್ಣ?”

ಡಾಕ್ಟರು ಕೈಯಲ್ಲಿದ್ದ ಹತ್ತಿಯನ್ನು ಮತ್ತೊಮ್ಮೆ ನೋಡಿದರು. ಅಲ್ಲೇ ಮೆಟ್ಟಿಲ ಮೇಲೆ ಕುಳಿತರು. ತಾನು ತೆಗೆದದ್ದು ಕೊಳೆಯಲ್ಲ, ಮಾವನ ಇಪ್ಪತ್ತಾರು ವರ್ಷ! ಇನ್ನು ಕೀಯ ಮಾತಿರಲಿ, ಮಾವನ ಮನೆಯ ಗೇಟಿನ ಚಿಲಕವನ್ನೂ ತನ್ನ ಕೈಗೆ ಕೊಡುವವರಿಲ್ಲ.

ಆದರೆ ಹುಳುಕು ಹಲ್ಲಿಗೆ ಸಿಮೆಂಟು ತುಂಬಿ, ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸುವವರು ಇಷ್ಟಕ್ಕೆ ಸೋಲುವುದುಂಟೆ? ಹೆಂಡತಿಯ ಉಗುರುಬಣ್ಣದ ಏಳು ಸೀಸೆಗಳನ್ನು ಬಾನೆಟ್ಟಿನ ಮೇಲೆ ಸಾಲಾಗಿ ನಿಲ್ಲಿಸಿ, ಒಂದೊಂದನ್ನೇ ಹೋಲಿಸಿ, ಐದನೆಯದನ್ನು ಆರಿಸಿ ಬಳಿದರು. ಸೀಸೆಯಲ್ಲಿ ಕೆಂಪಾಗಿದ್ದದ್ದು ಬಿಸಿಲಿಗೆ ಗುಲಾಬಿಯಾಯಿತು. ಜೊತೆಗೆ ಮಿನುಗತೊಡಗಿತು! ಗಾಬರಿಯಲ್ಲಿ ಉಗುರುಬಣ್ಣ ಅಳಿಸುವ ದ್ರಾವಣವನ್ನು ಸುರಿದು ಒರೆಸಿದರು. ಮಿನುಗು ಹೋಯಿತು, ಅದರ ಸುತ್ತಲಿನ ಹಳೆಯ ಕೆಂಪೂ ಕರಗಿ ಹೋಯಿತು. ಅಂಗೈಯಗಲ ಇದ್ದದ್ದು ಈಗ ಊಟದ ತಟ್ಟೆಯಗಲ.

ಹೆಂಡತಿ ಉಳಿದ ಆರು ಸೀಸೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಹಳೆಯ ಬೆಡ್‌ಶೀಟು ತಂದು ಮುಚ್ಚೋಣವೆಂದು ಡಾಕ್ಟರೂ ಒಳಗೆ ಓಡಿದರು. ಅದನ್ನು ಹಿಡಿದು ಹೊರಗೆ ಬರುವಷ್ಟರಲ್ಲಿ ಗೇಟಿನ ಬಳಿ ಮಾವ ನಿಂತಿದ್ದರು. ಬೆಳಗಿನ ರೈಲಿನಲ್ಲೇ ಸೀಟು ಸಿಕ್ಕಿತಂತೆ.

ಮಾವ ಚೀಲ ಕೆಳಗಿಟ್ಟರು. ಅಂಗಿಯ ಜೇಬಿನಿಂದ ಗಡಿಯಾರ ನೋಡುವ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿ, ಆ ಬಿಳಿ ಬಯಲಿನ ಮೇಲೆ ಬಗ್ಗಿದರು. ತಟ್ಟೆಯಗಲದ್ದನ್ನು ನೋಡಲು ಭೂತಗನ್ನಡಿ ಬೇಕಿರಲಿಲ್ಲ. ಡಾಕ್ಟರು ಬೆಡ್‌ಶೀಟನ್ನು ಎದೆಗವಚಿಕೊಂಡು ನಡೆದದ್ದನ್ನೆಲ್ಲ ಒಪ್ಪಿಸಿದರು. ಯಂತ್ರ, ಪೇಸ್ಟು, ಹತ್ತಿ, ಕೊಳೆ ಎಂದುಕೊಂಡದ್ದು, ಯಾವುದನ್ನೂ ಬಚ್ಚಿಡಲಿಲ್ಲ. ಹೊಸ ಬಣ್ಣ ಹಾಕಿಸಿಕೊಡುತ್ತೇನೆ ಎಂದರು.

ಮಾವನ ಬಾಯಿ ತೆರೆದಂತೆಯೇ ಇತ್ತು. ಸಮಾಧಾನಪಡಿಸಲೆಂದು ಅಳಿಯ ಒಂದು ಹೆಜ್ಜೆ ಮುಂದೆ ಬಂದದ್ದೇ ತಡ, ಮಾವ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ನಾಲಿಗೆಯಿಂದ ಒಳಗೇ ಏನನ್ನೋ ತಡಕಿ ನೋಡುತ್ತಿರುವಂತೆ ಕೆನ್ನೆ ಅತ್ತಿತ್ತ ಉಬ್ಬಿತು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಕೇಳಿದರು:

“ಕಾರು ಹೋಗ್ಲಿ, ಬಿಡಪ್ಪ. ವರ್ಷಕ್ಕೆರಡು ಸಲ ನನ್ನ ಹಲ್ಲು ತಿಕ್ತಾ ಇದ್ದೀಯಲ್ಲ, ಅದರಲ್ಲಿ ಇನ್ನೆಷ್ಟು ಉಳಿದಿದೆ?”